ಯಾವ ಇಂಗ್ಲಿಷ್ ಡಿಕ್ಷನರಿ ತೆಗೆದುಕೊಳ್ಳಬೇಕು? ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಸಂಜೆ ಇಂಗ್ಲಿಷ್ ಮೇಡಂ ನಮ್ಮ ಜೊತೆ ಇರುತ್ತಾರೆ. ದೊಡ್ಡವರಿಗೆ ಇಂಗ್ಲಿಷ್ ಕಲಿಸುವುದೇ ಅವರ ಕೆಲಸ. ಒಬ್ಬರು ಒಂದು ಪ್ರಶ್ನೆ ಕೇಳಿ. ಫಾರ್ವರ್ಡ್ ಬೇಡ.

ಮೂರನೇ ಬೆಂಚು: ನಮಸ್ತೆ ಮೇಡಂ. ಪ್ಲೀಸ್ ಸಜೆಸ್ಟ್ ಮಿ ಎ ಗುಡ್ ಡಿಕ್ಷನರಿ.

ಮೇಡಂ: ನಮಸ್ತೆ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ವಾಕ್ಯದಿಂದಲೇ ಶುರು ಮಾಡುತ್ತೇನೆ. ಇಂಗ್ಲಿಷಿನಲ್ಲಿ 'ಸಜೆಸ್ಟ್ ಮಿ' ಅನ್ನುವುದಿಲ್ಲ, 'ಸಜೆಸ್ಟ್ ಎ ಗುಡ್ ಡಿಕ್ಷನರಿ' ಅಷ್ಟೇ. ಎರಡು ಭಾಷೆಯ ಸಣ್ಣ ನಿಘಂಟು 'ಸಲಹೆ ಕೊಡು' ಎಂದು ಹೇಳಿ ಕೈ ತೊಳೆದುಕೊಳ್ಳುತ್ತದೆ. ಲರ್ನರ್ಸ್ ಡಿಕ್ಷನರಿ, ಅಂದರೆ ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ್ದು, ಆ ಪದದ ಪಕ್ಕ ಏನು ಬರುತ್ತದೆ, ಏನು ಬರಬಾರದು ಅಂತಲೂ ತೋರಿಸುತ್ತದೆ. ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್, ಲಾಂಗ್‌ಮನ್ ಕಾಂಟೆಂಪರರಿ, ಕೇಂಬ್ರಿಡ್ಜ್ ಅಡ್ವಾನ್ಸ್ಡ್ ಲರ್ನರ್ಸ್, ಕಾಲಿನ್ಸ್ ಕೋಬಿಲ್ಡ್. ಇವುಗಳಲ್ಲಿ ಯಾವುದಾದರೂ ಸರಿ.

ಇಬ್ಬರ ಅಮ್ಮ: ಆಕ್ಸ್‌ಫರ್ಡ್ ಅಂತ ಬರೆದಿದ್ದರೆ ಸಾಕಲ್ವಾ?

ಮೇಡಂ: ಸಾಲದು. ಆಕ್ಸ್‌ಫರ್ಡಿನದೇ ಹತ್ತಾರು ಡಿಕ್ಷನರಿಗಳಿವೆ. 1989ರಲ್ಲಿ ಬಂದ ದೊಡ್ಡದು 20 ಸಂಪುಟ, ಪದಗಳ ಚರಿತ್ರೆ ಬೇಕಾದವರಿಗೆ ಅದು. ಇನ್ನು ಅಮೆರಿಕದ ಡಿಕ್ಷನರಿಗಳ ಮೇಲೆ ಕಾಣುವ 'ವೆಬ್‌ಸ್ಟರ್' ಅನ್ನುವ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ರಟ್ಟು ನೋಡಿ ಕೊಳ್ಳಬೇಡಿ, ಒಳಗೆ ತೆರೆದು ನೋಡಿ.

ರಾತ್ರಿ ಪಾಳಿ: ಮೇಡಂ, ನನ್ನದು ಸ್ವಲ್ಪ ಉದ್ದ. ಎರಡು ವರ್ಷದಿಂದ ಇಂಗ್ಲಿಷ್-ಕನ್ನಡ ನಿಘಂಟು ಇಟ್ಟುಕೊಂಡು ದಿನಕ್ಕೆ 20 ಪದ ಬರೆದು ಕಲಿಯುತ್ತಿದ್ದೇನೆ. ನೋಟ್‌ಬುಕ್ಕೇ 6 ಆಯಿತು. ಓದಿದರೆ ಅರ್ಥ ಆಗುತ್ತದೆ, ಬರೆದರೆ ಜನ ನಗುತ್ತಾರೆ. ಹೋದ ವಾರ ಅಮೆರಿಕದ ಗಿರಾಕಿಯೊಬ್ಬರಿಗೆ 'ಅವರ್ ನ್ಯೂ ಸ್ಕೀಮ್' ಎಂದು ಮೇಲ್ ಕಳಿಸಿದೆ. ಯೋಜನೆ ಎಂಬ ಅರ್ಥದಲ್ಲಿ. ಅವರು ವಾಪಸ್ ಬರೆದದ್ದು, 'ಈ ಪದ ಬೇಕು ಅಂತಲೇ ಹಾಕಿದಿರಾ?' ನಿಘಂಟು ತೆಗೆದು ನೋಡಿದೆ, ಯೋಜನೆ ಅಂತಲೇ ಇದೆ. ತಪ್ಪೆಲ್ಲಿ?

ಮೇಡಂ: ಇದು ಒಳ್ಳೆಯ ಪ್ರಶ್ನೆ, ಪೂರ್ತಿ ಹೇಳುತ್ತೇನೆ. ನಿಮ್ಮ ನಿಘಂಟು ಸುಳ್ಳು ಹೇಳಿಲ್ಲ, ಅರ್ಧ ಹೇಳಿದೆ. ಬ್ರಿಟನ್ನಿನಲ್ಲಿ ಸ್ಕೀಮ್ ಅಂದರೆ ಸರ್ಕಾರ ಅಥವಾ ಸಂಸ್ಥೆಯ ಯೋಜನೆ, ಪಿಂಚಣಿ ಸ್ಕೀಮ್ ಅನ್ನುತ್ತಾರಲ್ಲ, ಹಾಗೆ. ಅಮೆರಿಕದವರ ಕಿವಿಗೆ ಅದೇ ಪದ ಹೆಚ್ಚಾಗಿ ಸಂಚು, ಮಸಲತ್ತು ಎಂದು ಬೀಳುತ್ತದೆ. ಯೋಜನೆಗೆ ಅವರು ಪ್ರೋಗ್ರಾಮ್ ಅಥವಾ ಪ್ಲಾನ್ ಅನ್ನುತ್ತಾರೆ. ನೀವು ಅವರಿಗೆ 'ನಮ್ಮ ಹೊಸ ಮಸಲತ್ತು' ಕಳಿಸಿದಂತಾಯಿತು. ಲರ್ನರ್ಸ್ ಡಿಕ್ಷನರಿಯಲ್ಲಿ ಸ್ಕೀಮ್ ತೆರೆಯಿರಿ. ಅರ್ಥಕ್ಕೂ ಮೊದಲು ಚಿಕ್ಕ ಅಕ್ಷರದಲ್ಲಿ 'ಬ್ರಿಟಿಷ್' ಎಂಬ ಗುರುತು ಕಾಣುತ್ತದೆ. ಇಂಥ ಇನ್ನೂ ಗುರುತುಗಳಿವೆ: ಇದು ಬೈಯುವ ಧಾಟಿಯ ಪದ, ಇದು ಕಚೇರಿ ಭಾಷೆ, ಇದು ಹಳೆಯ ಪದ, ಇದು ಗೆಳೆಯರ ಜೊತೆ ಮಾತ್ರ. ಜನ ಆ ಚಿಕ್ಕ ಅಕ್ಷರ ಹಾರಿಸಿ ಅರ್ಥಕ್ಕೆ ಓಡುತ್ತಾರೆ. ದುಡ್ಡು ಕೊಟ್ಟದ್ದೇ ಅದಕ್ಕೆ ಅನ್ನುವುದು ಮರೆತುಹೋಗುತ್ತದೆ.

ಇನ್ನೊಂದು, ಪದದ ಜೊತೆಗಾರರು. ನಾವು ಜೋರು ಮಳೆ ಅನ್ನುತ್ತೇವೆ, ಭಾರದ ಮಳೆ ಅನ್ನುವುದಿಲ್ಲ. ಅವರು 'ಹೆವಿ ರೇನ್' ಅನ್ನುತ್ತಾರೆ, 'ಸ್ಟ್ರಾಂಗ್ ರೇನ್' ಅನ್ನುವುದಿಲ್ಲ. ತಪ್ಪು ಮಾಡಿದೆ ಅನ್ನಲು 'ಮೇಡ್ ಎ ಮಿಸ್ಟೇಕ್', 'ಡಿಡ್' ಅಲ್ಲ. ಇದಕ್ಕೆ ಕಾರಣ ಹುಡುಕಿ ಫಲವಿಲ್ಲ, ಜೋಡಿಯನ್ನೇ ಕಲಿಯಬೇಕು. ಹಾಗಾಗಿ ನೋಟ್‌ಬುಕ್ಕಿನಲ್ಲಿ ಒಂಟಿ ಪದ ಬರೆಯುವುದು ಇವತ್ತೇ ನಿಲ್ಲಿಸಿ. ದಿನಕ್ಕೆ 5 ಪದ ಸಾಕು, ಒಂದೊಂದಕ್ಕೂ ಡಿಕ್ಷನರಿಯ ಉದಾಹರಣೆ ವಾಕ್ಯ ಬರೆದುಕೊಳ್ಳಿ. ಆ 6 ಪುಸ್ತಕ ಎಸೆಯಬೇಡಿ, ಅದು ವ್ಯರ್ಥ ಆಗಿಲ್ಲ.

ಅಜ್ಜನ ಮೊಮ್ಮಗ: ನಮ್ಮ ಅಜ್ಜ 70ರಲ್ಲಿ ಇಂಗ್ಲಿಷ್ ಕಲಿಯಲು ಹೊರಟಿದ್ದಾರೆ. ದಪ್ಪ ಅಕ್ಷರದ ಡಿಕ್ಷನರಿ ಸಿಗುತ್ತದಾ ಮೇಡಂ?

ಶುಭೋದಯ: ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕುತ್ತಿದ್ದೇನೆ. '30 ದಿನ, ದಿನಕ್ಕೆ 100 ಪದ, ಗಟ್ಟಿಯಾಗಿ 21 ಸಲ ಹೇಳಿ, ಇಂಗ್ಲಿಷ್ ತಾನಾಗಿ ಬರುತ್ತದೆ.' ಜೊತೆಗೆ ಉಚಿತ ಡಿಕ್ಷನರಿ ಆ್ಯಪ್ ಫೈಲ್ ಇದೆ.

ಮೇಡಂ: ಯಾರೂ ಆ ಫೈಲ್ ಇನ್‌ಸ್ಟಾಲ್ ಮಾಡಬೇಡಿ. ಎಲ್ಲಿಂದ ಬಂತೋ ಗೊತ್ತಿಲ್ಲದ ಫೈಲ್ ಫೋನಿಗೆ ಹಾಕಿಕೊಂಡು ಆಮೇಲೆ ಅಳಬೇಡಿ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಲಾಂಗ್‌ಮನ್ ಮೂರೂ ಅವರವರ ವೆಬ್‌ಸೈಟಿನಲ್ಲೇ ಉಚಿತವಾಗಿ ನೋಡಲು ಸಿಗುತ್ತವೆ, ಉಚ್ಚಾರಣೆಯೂ ಕೇಳಬಹುದು. ಇನ್ನು 21 ಸಲ ಗಟ್ಟಿಯಾಗಿ ಹೇಳಿದರೆ ಗಂಟಲು ಕಟ್ಟುತ್ತದೆ, ಅಷ್ಟೇ.

ಶುಭೋದಯ: ಒಳ್ಳೆಯದಕ್ಕೆ ಕಾಲವಿಲ್ಲ.

ಹೊಸಬ: ನಾನು ನೋಡುತ್ತಿದ್ದ ಮ್ಯಾಕ್‌ಮಿಲನ್ ಆನ್‌ಲೈನ್ ಡಿಕ್ಷನರಿ ತೆರೆಯುತ್ತಿಲ್ಲ.

ಮೇಡಂ: 2023ರಲ್ಲಿ ಮುಚ್ಚಿದರು.

ಅರ್ಧ ಕಪ್: ಇಂಗ್ಲಿಷಿನಲ್ಲೇ ಅರ್ಥ ಕೊಟ್ಟರೆ ಆ ಅರ್ಥವೇ ಅರ್ಥ ಆಗುವುದಿಲ್ಲ, ಏನು ಮಾಡುವುದು?

ಮೇಡಂ: ಲಾಂಗ್‌ಮನ್ ನೋಡಿ. 1978ರ ಮೊದಲ ಮುದ್ರಣದಿಂದಲೂ ಸುಮಾರು 2,000 ಸುಲಭ ಪದಗಳಲ್ಲೇ ಅರ್ಥ ಹೇಳುವುದು ಅವರ ಪದ್ಧತಿ. ಅದೂ ಕಷ್ಟ ಆದರೆ ಮೊದಲು ಕನ್ನಡದ ನಿಘಂಟಿನಲ್ಲಿ ಅರ್ಥ ನೋಡಿ, ಆಮೇಲೆ ಇದರಲ್ಲಿ ವಾಕ್ಯ ನೋಡಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ನಿವೃತ್ತ ಮೇಷ್ಟ್ರು: ಕ್ಷಮಿಸಿ, ಫೋನಿನಲ್ಲಿ ನೋಡಿದ ಪದ ತಲೆಯಲ್ಲಿ ನಿಲ್ಲುವುದಿಲ್ಲ. ಪುಟ ತಿರುಗಿಸಬೇಕು, ಬೆರಳಿಟ್ಟು ಹುಡುಕಬೇಕು. ಹುಡುಕುವಾಗ ಪಕ್ಕದ ನಾಲ್ಕು ಪದ ಕಣ್ಣಿಗೆ ಬೀಳಬೇಕು.

ಪದಪ್ರೇಮಿ: ಸಾರ್, ಪಕ್ಕದ ನಾಲ್ಕು ಪದ ನೋಡಿ ಹುಡುಕುತ್ತಿದ್ದ ಪದವನ್ನೇ ಮರೆಯುವವರೇ ಜಾಸ್ತಿ. ಪುಸ್ತಕ ಮಾತಾಡುತ್ತದಾ? ಉಚ್ಚಾರಣೆ ಹೇಗೆ ಕಲಿಯುವುದು?

ನಿವೃತ್ತ ಮೇಷ್ಟ್ರು: ಅದಕ್ಕೇ ಉಚ್ಚಾರಣೆಯ ಚಿಹ್ನೆ ಇರುವುದು. ಅದನ್ನು ಓದಲು ಕಲಿತಿದ್ದರೆ ಈ ಪ್ರಶ್ನೆ ಬರುತ್ತಿರಲಿಲ್ಲ.

ಪದಪ್ರೇಮಿ: ಅದನ್ನು ಕಲಿಸದೆ ಬರೀ ಬಾಯಿಪಾಠ ಮಾಡಿಸಿದವರು ಯಾರು ಸಾರ್? ನಾವಾ?

ನಿವೃತ್ತ ಮೇಷ್ಟ್ರು: ಹಿರಿಯರ ಜೊತೆ ಮಾತಾಡುವ ರೀತಿ ಯಾವ ಡಿಕ್ಷನರಿಯಲ್ಲೂ ಸಿಗುವುದಿಲ್ಲ, ಬಿಡಿ.

ಇಬ್ಬರ ಅಮ್ಮ: ಇಬ್ಬರೂ ಸುಮ್ನೆ ಇರ್ತೀರಾ? ನಮ್ಮ ಪ್ರಶ್ನೆಗಳು ಮೇಲೆ ಹೋಗುತ್ತಿವೆ.

ಅಜ್ಜನ ಮೊಮ್ಮಗ: ಮೇಡಂ, ದಪ್ಪ ಅಕ್ಷರದ್ದು?

ಪದಪ್ರೇಮಿ: ನಾನು ಶುರು ಮಾಡಿದ್ದಲ್ಲ.

ಹೊಸ ಸದಸ್ಯ: ಹಾಯ್ ಆಲ್, ಯಾವ ಡಿಕ್ಷನರಿ ಬೆಸ್ಟ್?

ಮೇಡಂ: ಮೇಲೆ ಓದಿ.

ಹೊಸ ಸದಸ್ಯ: ತುಂಬಾ ಉದ್ದ ಇದೆ. ಒಂದೇ ಹೆಸರು ಹೇಳಿ.

ಮೇಡಂ: ಓದಲು ಬೇಸರ ಅನ್ನುವವರಿಗೆ ಡಿಕ್ಷನರಿ ಯಾಕೆ? ನೀವು ಇತ್ತೀಚೆಗೆ ತಪ್ಪಾಗಿ ಬಳಸಿದ ಮೂರು ಪದ ಹಾಕಿ ನೋಡಿ. ತಪ್ಪು ಎಲ್ಲಿ ಅಂತ ಯಾವುದು ತೋರಿಸುತ್ತದೋ ಅದೇ ನಿಮಗೆ ಬೆಸ್ಟ್.

ರಾತ್ರಿ ಪಾಳಿ: ಮೇಡಂ, ಸ್ಕೀಮ್ ನೋಡಿದೆ. ನೀವು ಹೇಳಿದ ಚಿಕ್ಕ ಅಕ್ಷರ ಅಲ್ಲೇ ಇದೆ. ಹಾಗೇ ಸುಮ್ನೆ 'ರಿವರ್ಟ್' ನೋಡಿದೆ. ಮೊದಲಿಗೇ 'ಹಿಂದಿನ ಸ್ಥಿತಿಗೆ ಮರಳು' ಅಂತಿದೆ. ನಾನು ಎರಡು ವರ್ಷದಿಂದ ಪ್ರತಿ ಮೇಲ್‌ನ ಕೊನೆಗೆ 'ಪ್ಲೀಸ್ ರಿವರ್ಟ್' ಅಂತ ಹಾಕುತ್ತಿದ್ದೇನೆ.

ಮೇಡಂ: 'ರಿಪ್ಲೈ' ಅಂತ ಹಾಕಿ. ಹಳೆಯ ಮೇಲ್ ತೆಗೆದು ನೋಡಲು ಹೋಗಬೇಡಿ, ನಿದ್ದೆ ಕೆಡುತ್ತದೆ.

ಅಡ್ಮಿನ್: ಶುಭೋದಯ ಅವರ ಫೈಲ್ ತೆಗೆದಿದ್ದೇನೆ. ಪ್ರಶ್ನೆಗಳು ಇಲ್ಲಿಗೆ ಮುಗಿದವು.

ಅಜ್ಜನ ಮೊಮ್ಮಗ: ಅಜ್ಜ ಪಕ್ಕದಲ್ಲೇ ಕೂತಿದ್ದಾರೆ ಮೇಡಂ.