ಅಜ್ಜನ ಕೋಟಿನ ಜೇಬು ಯಾವ ಕಡೆ ಇತ್ತು?

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ 23 ಜನ ಇದ್ದೇವೆ. ಮಾತಾಡುವವರು ಆರೇಳು ಜನ. ಉಳಿದವರು ಯಾರದಾದರೂ ಹುಟ್ಟುಹಬ್ಬಕ್ಕೆ ಒಂದು ಹೂವಿನ ಚಿತ್ರ ಹಾಕಿ ಮತ್ತೆ ಕಾಣೆಯಾಗುತ್ತಾರೆ. ಕಳೆದ ಭಾನುವಾರ ಬೆಳಗ್ಗೆ ಅತ್ತೆ ಒಂದು ವಿಡಿಯೊ ಹಾಕಿದರು. 40 ಸೆಕೆಂಡಿನದು. ಎಷ್ಟೋ ಕೈ ದಾಟಿ ಬಂದದ್ದು ಅಂತ ಮೇಲಿನ ಜೋಡಿ ಬಾಣವೇ ಹೇಳುತ್ತಿತ್ತು. ಜೊತೆಗೆ ಈ ಬರಹ:

"ಹಳೇ ಜಾಕೆಟ್ ಎಸೆಯುವ ಮುಂಚೆ ಇದನ್ನು ಓದಿ!! ಯಾವ ಜಾಕೆಟ್ಟೇ ಇರಲಿ, ಮನೆಯಲ್ಲೇ ಒಂದೇ ಗಂಟೆಯಲ್ಲಿ ಹೊಸ ಬಟ್ಟೆ. ಕತ್ತರಿ, ಸೂಜಿ, ದಾರ ಸಾಕು. ಅಳತೆಯೂ ಬೇಡ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಸರ್ಕಾರ ಹೊಸ ಬಟ್ಟೆಯನ್ನೇ ನಿಷೇಧಿಸಿ, ಹಳೇ ಕೋಟನ್ನೇ ಹೊಲಿದುಕೊಂಡು ಹಾಕಿ ಅಂತ ಕಾನೂನು ಮಾಡಿತ್ತು. ನಾವು ಮಾತ್ರ ಎಸೆಯುತ್ತಿದ್ದೇವೆ. ಹತ್ತು ಜನಕ್ಕೆ ಕಳಿಸಿ 🙏"

ವಿಡಿಯೊದಲ್ಲಿ ಒಂದು ಜೀನ್ಸ್ ಜಾಕೆಟ್. ಕತ್ತರಿ ಕಚಕ್ ಅನ್ನುತ್ತದೆ, ಮೆಷಿನ್ ಎರಡು ಸೆಕೆಂಡ್ ಓಡುತ್ತದೆ, ಹುಡುಗಿಯೊಬ್ಬಳು ಸ್ಕರ್ಟ್ ಹಾಕಿಕೊಂಡು ಗಿರಕಿ ಹೊಡೆಯುತ್ತಾಳೆ. ನಾನು ಹೊಲಿಯುವವಳು, ಹಾಗಾಗಿ ಎರಡು ಸಲ ನೋಡಿದೆ. ಆ ಸ್ಕರ್ಟಿನ ಮುಂದೆ ಸೊಂಟದಿಂದ ಕೆಳಗಿನವರೆಗೆ ಎಲ್ಲೂ ಜೋಡಿಲ್ಲದ ಒಂದೇ ತುಂಡು ಬಟ್ಟೆ. ಜೀನ್ಸ್ ಜಾಕೆಟ್ಟಿನಲ್ಲಿ ಅಷ್ಟು ದೊಡ್ಡ ತುಂಡು ಎಲ್ಲಿಂದ ಬರಬೇಕು? ಭುಜದ ಕೆಳಗೊಂದು ಅಡ್ಡಜೋಡು, ಅದರ ಕೆಳಗೆ ಉದ್ದುದ್ದ ಪಟ್ಟಿಗಳು, ಇಷ್ಟೇ ತಾನೇ ಅದು. ಸ್ಕರ್ಟ್ ಬೇರೆ ಬಟ್ಟೆಯದು. ಇದನ್ನೇ ಟೈಪ್ ಮಾಡುತ್ತಿದ್ದೆ, ಅಷ್ಟರಲ್ಲಿ ದೊಡ್ಡಪ್ಪ ಬಂದರು.

ದೊಡ್ಡಪ್ಪ: ಒಳ್ಳೆಯ ಸಂದೇಶ. ಈಗಿನವರಿಗೆ ಒಂದು ಗುಂಡಿ ಹಾಕಿಕೊಳ್ಳಲೂ ಬರುವುದಿಲ್ಲ. ಸ್ವಲ್ಪ ಮಾಸಿದರೆ ಎಸೆ, ಹೊಸದು ತರಿಸು. ನಮ್ಮ ಕಾಲದಲ್ಲಿ ಒಂದು ಕೋಟು ಅಂದರೆ ಜೀವಮಾನಕ್ಕೆ ಒಂದು.

ಭಾವ: ನಮಸ್ಕಾರ ಮಾವ. ಬ್ರಿಟನ್ನಿನಲ್ಲಿ ನಿಷೇಧ ಅಂತ ಇದೆಯಲ್ಲ, ಇದಕ್ಕೆ ಮೂಲ ಏನು?

ಅಕ್ಕ: ರೀ, ಬೆಳಗ್ಗೆ ಬೆಳಗ್ಗೆ ಶುರು ಮಾಡಬೇಡಿ.

ಅತ್ತೆ: ಮೂಲ ಅದರಲ್ಲೇ ಇದೆ ನೋಡಿ, ವಿಡಿಯೊದಲ್ಲಿ.

ಭಾವ: ವಿಡಿಯೊದಲ್ಲಿ ಒಬ್ಬ ಹುಡುಗಿ ತಿರುಗುತ್ತಿದ್ದಾಳೆ ಅತ್ತೆ.

ಭಾವ ಹೀಗೇ. ಮದುವೆಯಾಗಿ ಗುಂಪಿಗೆ ಸೇರಿಸಿದ ದಿನ ಅವರ ಮೊದಲ ಮಾತೇ "ಇದು ಸುಳ್ಳು ಸುದ್ದಿ" ಅಂತಿತ್ತು. ಅದು ದೊಡ್ಡಪ್ಪ ಕಳಿಸಿದ್ದು. ಅವತ್ತಿನಿಂದ ದೊಡ್ಡಪ್ಪ ಅವರನ್ನು "ಅಳಿಯಂದಿರೇ" ಅಂತ ಕರೆಯುವಾಗಲೆಲ್ಲ ನಮಗೆ ಬೇರೇನೋ ಕೇಳಿಸುತ್ತದೆ.

ಕಾಲು ಗಂಟೆ ಬಿಟ್ಟು ಮತ್ತೆ ಬಂದರು.

ಭಾವ: ನೋಡಿದೆ. ನಿಷೇಧ ಅಲ್ಲ, ರೇಷನ್. 1941ರ ಜೂನ್‌ನಲ್ಲಿ ಶುರು. ದೊಡ್ಡವರಿಗೆ ಮೊದಲ ವರ್ಷಕ್ಕೆ 66 ಕೂಪನ್. ದುಡ್ಡಿನ ಜೊತೆ ಕೂಪನ್ನೂ ಕೊಟ್ಟರೆ ಹೊಸ ಬಟ್ಟೆ ಸಿಗುತ್ತಿತ್ತು. 1943ರಲ್ಲಿ ಸರ್ಕಾರ ಒಂದು ಕಿರುಪುಸ್ತಕ ತಂದಿತು, ಇರುವ ಬಟ್ಟೆಯನ್ನೇ ರಿಪೇರಿ ಮಾಡಿಕೊಂಡು ಹಾಕಿ ಅಂತ. ಅದು ಸಲಹೆ, ಕಾನೂನಲ್ಲ. ಬಟ್ಟೆ ರೇಷನ್ 1949ರಲ್ಲಿ ಮುಗಿಯಿತು.

ಅತ್ತೆ: ನಾನೂ ಅದನ್ನೇ ಹೇಳಿದ್ದು.

ಭಾವ: ನೀವು ಹೇಳಿದ್ದು ನಿಷೇಧ.

ಅತ್ತೆ: ನಾನೇನೂ ಹೇಳಿಲ್ಲಪ್ಪ. ಬಂದದ್ದನ್ನು ಕಳಿಸಿದೆ.

ದೊಡ್ಡಪ್ಪ: ಅಳಿಯಂದಿರೇ, ಯಾರ ಯುದ್ಧವೋ ಏನೋ. ವಿಷಯ ಅದಲ್ಲ. ವಸ್ತುವಿಗೆ ಮರ್ಯಾದೆ ಕೊಡಬೇಕು ಅನ್ನುವುದು ವಿಷಯ.

ಸರಿ, ನಾನೂ ನನ್ನದನ್ನು ಹಾಕಿದೆ. ಉದ್ದದ ಸಂದೇಶ, ಒಪ್ಪಿಕೊಳ್ಳುತ್ತೇನೆ. ಒಂದು ಗಂಟೆಯಲ್ಲಿ ಆಗುವುದಿಲ್ಲ ಅಂತ ಬರೆದೆ. ಹೊಲಿಯುವುದು ಬೇಗ ಆಗುತ್ತದೆ, ಬಿಚ್ಚುವುದಕ್ಕೇ ಒಂದು ಸಂಜೆ ಬೇಕು. ಜೀನ್ಸ್ ಜಾಕೆಟ್ ಆದರೆ ತೋಳು ತೆಗೆದು ಕಂಕುಳ ಅಂಚಿಗೆ ಪಟ್ಟಿ ಕೊಟ್ಟರೆ ವೇಸ್ಟ್‌ಕೋಟ್ ಆಗುತ್ತದೆ, ಕಲಿಯುವವರಿಗೆ ಅದೇ ಸುಲಭ. ಆದರೆ 16ನೇ ನಂಬರಿನ ಸೂಜಿ ಹಾಕಿ, ನಾಲ್ಕೈದು ಪದರ ಸೇರುವ ಜಾಗದಲ್ಲಿ ಚಕ್ರವನ್ನು ಕೈಯಲ್ಲೇ ತಿರುಗಿಸಿ. ಚರ್ಮದ ಜಾಕೆಟ್ಟಿಗೆ ಗುಂಡುಪಿನ್ ಚುಚ್ಚಲೇಬೇಡಿ, ಚುಚ್ಚಿದ ತೂತು ಮತ್ತೆ ಮುಚ್ಚುವುದಿಲ್ಲ, ಕ್ಲಿಪ್ ಹಾಕಿ. ಗರಿ ತುಂಬಿದ ಜಾಕೆಟ್ ಆದರೆ ಮೊದಲು ಎರಡು ಸಾಲು ಹೊಲಿಗೆ ಹಾಕಿ, ನಡುವೆ ಕತ್ತರಿಸಿ. ನೇರವಾಗಿ ಕತ್ತರಿಸಿದರೆ ಮನೆ ತುಂಬಾ ಗರಿ. (ನನಗಾದದ್ದು. ಮೂರು ವಾರ ಆದ ಮೇಲೂ ಫ್ಯಾನ್ ಹಾಕಿದಾಗ ಒಂದೊಂದು ಇಳಿಯುತ್ತಿತ್ತು.) ಲೋಹದ ಜಿಪ್ಪಿನ ಹಲ್ಲಿನ ಮೇಲೆ ಹೊಲಿಗೆ ಓಡಿಸಿದರೆ ಸೂಜಿ ಮುರಿಯುತ್ತದೆ, ನೈಲಾನ್ ಜಿಪ್ ಆದರೆ ಪರವಾಗಿಲ್ಲ.

ಇಷ್ಟು ಬರೆದದ್ದಕ್ಕೆ ಬಂದದ್ದು ಒಂದು ಹೆಬ್ಬೆರಳು. ಅದೂ ಯಾರದೋ ಮಗುವಿನ ಕೈ ತಾಗಿ ಬಿದ್ದದ್ದಂತೆ, ಆಮೇಲೆ ಗೊತ್ತಾಯಿತು.

ಅಷ್ಟರಲ್ಲಿ ಚಿಕ್ಕಪ್ಪನ ಮಗ ಎದ್ದ. ಅವನು ಏಳುವುದು ಹನ್ನೊಂದಕ್ಕೆ. ಎದ್ದ ಕೂಡಲೇ ಅವನಿಗೆ ಬಾಲ್ಯ ನೆನಪಾಗುತ್ತದೆ.

ಚಿಕ್ಕಪ್ಪನ ಮಗ: ಕೋಟು ಅಂದ ತಕ್ಷಣ ಅಜ್ಜನ ಬೂದು ಉಣ್ಣೆ ಕೋಟು ನೆನಪಾಯ್ತು 😢 ಆ ನುಸಿಗುಳಿಗೆ ವಾಸನೆ! ಅಜ್ಜ ಮೇಲಿನ ಜೇಬಿಗೆ ಎಡಗೈ ಹಾಕಿ ಪೆನ್ನು ತೆಗೆದು, ಬಲಗೈಗೆ ಕೊಟ್ಟು ಸಹಿ ಮಾಡುತ್ತಿದ್ದರು. ಎಷ್ಟು ಸ್ಟೈಲು! ಆ ಕೋಟು ಈಗ ಎಲ್ಲಿದೆ?

ಐದು ನಿಮಿಷ ಯಾರೂ ಏನೂ ಬರೆಯಲಿಲ್ಲ. ನಮ್ಮ ಗುಂಪಿನಲ್ಲಿ ಐದು ನಿಮಿಷ ಅಂದರೆ ಜಾಸ್ತಿ.

ದೊಡ್ಡಪ್ಪ: ಎಲ್ಲಿದೆ ಅಂತ ನಿನ್ನ ಅತ್ತೆಯನ್ನು ಕೇಳು.

ಇಲ್ಲಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಅಜ್ಜ ಹೋದ ಮರುವರ್ಷ ಅತ್ತೆ ಆ ಕೋಟನ್ನು ಕತ್ತರಿಸಿ ತಮ್ಮ ಮಗನಿಗೆ ವೇಸ್ಟ್‌ಕೋಟ್ ಹೊಲಿದರು. ಯಾರನ್ನೂ ಕೇಳಲಿಲ್ಲ. ಅವನು ಅದನ್ನು ಎರಡು ಸಲ ಹಾಕಿದ. ಮೂರನೇ ಸಲಕ್ಕೆ ಬಿಸಿನೀರಿನಲ್ಲಿ ನೆನೆಸಿ ತಿಕ್ಕಿ ಒಗೆದರು. ಉಣ್ಣೆಗೆ ಬಿಸಿ, ನೀರು, ತಿಕ್ಕಾಟ ಮೂರೂ ಸೇರಿದರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಬಿಡುತ್ತವೆ, ಮತ್ತೆ ಬಿಡಿಸಲು ಆಗುವುದಿಲ್ಲ. ವೇಸ್ಟ್‌ಕೋಟ್ ಕುಗ್ಗಿ ಗೊಂಬೆಗೆ ಹಾಕುವ ಹಾಗಾಯಿತು. ದೊಡ್ಡಪ್ಪ ಒಂದು ವರ್ಷ ಅತ್ತೆಯ ಹತ್ತಿರ ಸರಿಯಾಗಿ ಮಾತಾಡಲಿಲ್ಲ. (ಹಾಗೆ ಕುಗ್ಗಿದ ಉಣ್ಣೆ ಬಟ್ಟೆ ಕತ್ತರಿಸಿದರೂ ಅಂಚು ಬಿಚ್ಚಿಕೊಳ್ಳುವುದಿಲ್ಲ, ಹೊಲಿಯುವವರಿಗೆ ಒಳ್ಳೆಯ ಸಾಮಾನು. ಈ ಮಾತನ್ನು ನಾನು ಮನೆಯಲ್ಲಿ ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ.)

ಅತ್ತೆ: ಅಣ್ಣ, ಮತ್ತೆ ಅದೇ ಕಥೆನಾ?

ದೊಡ್ಡಪ್ಪ: ಕಥೆ ಅಲ್ಲ. ಅಪ್ಪ ಹೊಸದಾಗಿ ಹೊಲಿಸಿ ಕೊನೆಯವರೆಗೂ ಹಾಕಿದ ಕೋಟು. ನೀನು ಚೂರು ಚೂರು ಮಾಡಿದೆ.

ಭಾವ: ಮಾವ, ಆದರೆ ನೀವು ಬೆಳಗ್ಗೆ ಈ ಸಂದೇಶ ಒಳ್ಳೆಯದು ಅಂದಿರಿ. ಅತ್ತೆ ಮಾಡಿದ್ದೂ ಇದೇ ಅಲ್ಲವೇ?

ಅಕ್ಕ: ರೀ.

ದೊಡ್ಡಪ್ಪ: ಎಸೆಯುವ ಬಟ್ಟೆ ಬೇರೆ, ಅಪ್ಪನ ಬಟ್ಟೆ ಬೇರೆ.

ಚಿಕ್ಕಮ್ಮ: ಅತ್ತಿಗೆ, ಆ ವೇಸ್ಟ್‌ಕೋಟ್ ಹೊಲಿದದ್ದು ನನ್ನ ಮೆಷಿನ್ನಿನಲ್ಲಿ ಅಲ್ವಾ? ಎರಡು ದಿನಕ್ಕೆ ಅಂತ ತೆಗೆದುಕೊಂಡು ಹೋದಿರಿ. ನಾಲ್ಕು ತಿಂಗಳ ಮೇಲೆ ಬಂತು. ಅವತ್ತಿನಿಂದ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತದೆ.

ಅತ್ತೆ: ಅದು ಮೊದಲೇ ಹಾಗಿತ್ತು.

ಚಿಕ್ಕಮ್ಮ: ಇರಲಿಲ್ಲ.

ಇವರಿಬ್ಬರ ಮಧ್ಯೆ ಇನ್ನೂ ಹದಿನಾರು ಸಂದೇಶ ಓಡಿದವು, ಬಾಬಿನ್ ಕೇಸ್ ಯಾರು ಕಳೆದದ್ದು ಅಂತ. ಅವನ್ನು ಬಿಡುತ್ತೇನೆ. ಅತ್ತೆಗೆ ಸಿಟ್ಟು ಬಂದಿತ್ತು. ಸಿಟ್ಟು ಬಂದರೆ ಅವರು ಟೈಪ್ ಮಾಡುವುದಿಲ್ಲ, ಧ್ವನಿ ಸಂದೇಶ ಕಳಿಸುತ್ತಾರೆ. ನಾಲ್ಕು ನಿಮಿಷದ್ದು ಬಂತು. ಹಿಂದೆ ಕುಕ್ಕರ್ ಕೂಗುತ್ತಿತ್ತು. ಪೂರ್ತಿ ಕೇಳಿದವಳು ಬಹುಶಃ ನಾನೊಬ್ಬಳೇ, ಹಾಗಾಗಿ ಬರೆದಿಡುತ್ತೇನೆ.

"ಚೂರು ಮಾಡಿದೆ ಚೂರು ಮಾಡಿದೆ ಅಂತೀರಲ್ಲ, ಅದನ್ನು ಬಿಚ್ಚಿದವಳು ನಾನು. ನಿಮ್ಮಲ್ಲಿ ಯಾರಾದರೂ ಅದರ ಒಳಗಡೆ ನೋಡಿದ್ದೀರಾ? ಲೈನಿಂಗ್ ಬಿಚ್ಚಿದರೆ ಒಳಮೈ ಮಾಸಿ ಕಂದಾಗಿತ್ತು. ಹೊರಮೈ ಮಾತ್ರ ಚೆನ್ನಾಗಿತ್ತು. ಲೈನಿಂಗ್ ಒಳಗೆ ಬಿಸಿಲು ಬೀಳುತ್ತದಾ? ಬಲಗಡೆಯ ಮುಂಭಾಗದಲ್ಲಿ ಮೂರು ಹಳೇ ಕಾಜಾ ಇತ್ತು, ಅದೇ ಗುಂಡಿ ತೂರಿಸುವ ತೂತು, ಎಳೆ ಎಳೆ ಹಿಡಿದು ಮುಚ್ಚಿದ್ದು, ಬೆರಳಲ್ಲಿ ಸವರಿದರೆ ಮಾತ್ರ ಗೊತ್ತಾಗುವ ಹಾಗೆ. ಆ ಕೋಟು ಹೊಸದಲ್ಲ. ಅಮ್ಮ ಅದನ್ನು ಒಂದು ಸಲ ಪೂರ್ತಿ ಬಿಚ್ಚಿ, ತಿರುವಿ ಹೊಲಿದಿದ್ದಳು. ನನಗಿಂತ ಮೊದಲು ಅವಳೇ ಅದನ್ನು ಚೂರು ಮಾಡಿದ್ದು."

ತಿರುವಿ ಹೊಲಿಯುವುದು ಅಂದರೆ, ಹೊರಮೈ ಮಾಸಿದ ಕೋಟನ್ನು ಬಿಚ್ಚಿ ಒಳಮೈಯನ್ನು ಹೊರಗೆ ಮಾಡಿ ಮತ್ತೆ ಜೋಡಿಸುವುದು. ಎರಡೂ ಕಡೆ ಒಂದೇ ರೀತಿ ಕಾಣುವ ಗಟ್ಟಿ ಉಣ್ಣೆ ಬಟ್ಟೆಗೆ ಮಾತ್ರ ಆಗುತ್ತದೆ. ವೆಲ್ವೆಟ್ಟಿಗೆ, ಕಾರ್ಡುರಾಯ್‌ಗೆ ಆಗುವುದಿಲ್ಲ. ಕಷ್ಟದ ಕೆಲಸ. ತಿರುವಿದಾಗ ಎಡಗಡೆಯ ತುಂಡು ಬಲಕ್ಕೆ ಬರುತ್ತದೆ. ಅಂದರೆ ಕಾಜಾಗಳೂ ಬಲಕ್ಕೆ ಬಂದುಬಿಡುತ್ತವೆ. ಗಂಡಸರ ಕೋಟಿಗೆ ಕಾಜಾ ಎಡಕ್ಕಿರಬೇಕು, ಹಾಗಾಗಿ ಹಳೆಯದನ್ನು ಮುಚ್ಚಿ ಹೊಸದಾಗಿ ಮಾಡಬೇಕು. ಕಾಜಾ ಮುಚ್ಚಬಹುದು, ಎದೆಯ ಜೇಬು ಮುಚ್ಚುವುದು ಕಷ್ಟ. ಅದು ಬಲಗಡೆಯೇ ಉಳಿದುಬಿಡುತ್ತದೆ.

ಎಡಗೈ! ಬಲ ಎದೆಯ ಜೇಬಿಗೆ ಎಡಗೈಯೇ ಹೋಗುವುದು.

ನಾನು ಬರೆದೆ: ಅಜ್ಜ ಎಡಗೈಯಲ್ಲಿ ಪೆನ್ನು ತೆಗೆಯುತ್ತಿದ್ದರು ಅಂದೆಯಲ್ಲ, ಜೇಬು ಯಾವ ಕಡೆ ಇತ್ತು?

ಚಿಕ್ಕಪ್ಪನ ಮಗ: ಬಲಗಡೆ. ನಾನು ಅವರ ತೊಡೆ ಮೇಲೆ ಕೂತು ಆಡಿದವನು, ನನಗೆ ಗೊತ್ತಿಲ್ವಾ.

ದೊಡ್ಡಪ್ಪ: ಎಲ್ಲಾ ಕೋಟಿಗೂ ಎಡಗಡೆ ಇರುತ್ತದೆ. ಅಪ್ಪನದೂ ಎಡಗಡೆ. ಅಮ್ಮನಿಗೆ ಕೋಟು ಹೊಲಿಯಲು ಬರುತ್ತಲೇ ಇರಲಿಲ್ಲ.

ಅತ್ತೆ: ನಿನಗೆ ಗೊತ್ತಿರಲಿಲ್ಲ ಅನ್ನು.

ಅಕ್ಕ ಹಳೆಯ ಆಲ್ಬಮ್ಮಿನಿಂದ ಒಂದು ಫೋಟೊ ಹಾಕಿದಳು. ಅಜ್ಜ ಕುರ್ಚಿಯಲ್ಲಿ, ಬೂದು ಕೋಟು, ಜೇಬಿನಲ್ಲಿ ಪೆನ್ನು. ಅಜ್ಜನ ಬಲಗಡೆ.

ಭಾವ: ಒಂದು ನಿಮಿಷ. ಫೋಟೊ ಉಲ್ಟಾ ಮುದ್ರಣ ಆಗಿದ್ದರೂ ಹೀಗೇ ಕಾಣುತ್ತದೆ.

ದೊಡ್ಡಪ್ಪ: ಅದೇ ನಾನೂ ಹೇಳುವುದು!! ಅಳಿಯಂದಿರು ಸರಿಯಾಗಿ ಹೇಳಿದರು.

ಆರು ವರ್ಷದಲ್ಲಿ ದೊಡ್ಡಪ್ಪ ಭಾವನ ಮಾತನ್ನು ಒಪ್ಪಿದ್ದು ಅದೇ ಮೊದಲು. ಸಂತೋಷ ಉಳಿದದ್ದು ಎರಡು ನಿಮಿಷ.

ಭಾವ: ಹಿಂದೆ ಗೋಡೆ ಗಡಿಯಾರ ಇದೆ. ದೊಡ್ಡದು ಮಾಡಿ ನೋಡಿದೆ. ಅಂಕಿ ಎಲ್ಲಾ ಸರಿಯಾಗಿವೆ, 3 ಬಲಕ್ಕೆ, 9 ಎಡಕ್ಕೆ. ಫೋಟೊ ಉಲ್ಟಾ ಅಲ್ಲ. ಜೇಬು ಬಲಗಡೆಯೇ. ಅತ್ತೆ ಹೇಳಿದ್ದು ನಿಜ, ನಾನು ಒಪ್ಪಿದೆ.

ಇದು ಇತಿಹಾಸ. ಭಾವ ಒಂದು ಮಾತನ್ನು ಗುಂಪಿನಲ್ಲಿ ಎಲ್ಲರೆದುರು ಒಪ್ಪಿಕೊಂಡದ್ದು ನಾವು ನೋಡಿರಲಿಲ್ಲ. ಆದರೆ ಅದನ್ನು ಯಾರೂ ಗಮನಿಸಲಿಲ್ಲ, ಯಾಕೆಂದರೆ ಅದೇ ಹೊತ್ತಿಗೆ ಚಿಕ್ಕಮ್ಮ "ಹಾಗಾದರೆ ಬಾಬಿನ್ ಕೇಸಿಗೂ ಫೋಟೊ ಸಾಕ್ಷಿ ಕೊಡಲಾ" ಅಂತ ಬರೆದರು. ಚಿಕ್ಕಪ್ಪನ ಮಗ ಆ ಗಡಿಯಾರದ ಟಿಕ್ ಟಿಕ್ ನೆನಪಾಯಿತು ಅಂತ ಮೂರು ಸಾಲು ಹಾಕಿದ. ದೊಡ್ಡಪ್ಪ ಗುಂಪಿನಲ್ಲಿ ಮತ್ತೆ ಏನೂ ಹೇಳಲಿಲ್ಲ. ಫೋಟೊ ಮಾತ್ರ ಅವತ್ತೇ ಅವರ ಪ್ರೊಫೈಲಿಗೆ ಹೋಯಿತು.

ರಾತ್ರಿ ಹತ್ತಕ್ಕೆ ನನಗೊಬ್ಬಳಿಗೇ ಒಂದು ಸಂದೇಶ ಬಂತು, ದೊಡ್ಡಪ್ಪನಿಂದ. ಅವರ ಹಳೆಯ ಕೋಟಿನ ಮೂರು ಫೋಟೊ. ಒಂದರಲ್ಲಿ ಕೋಟಿಗಿಂತ ಅವರ ಹೆಬ್ಬೆರಳೇ ಜಾಸ್ತಿ ಇತ್ತು.

"ಕಾಲರ್ ಮತ್ತು ಮುಂಗೈ ಅಂಚು ಸವೆದಿದೆ. ಮಿಕ್ಕದ್ದೆಲ್ಲ ಚೆನ್ನಾಗಿದೆ. ಅಮ್ಮ ಮಾಡಿದ ಹಾಗೆ ತಿರುವಿ ಹೊಲಿಯಬಹುದಾ? ಗುಂಪಿನಲ್ಲಿ ಹೇಳಬೇಡ."

ತಿರುವಲು ಆಗುವುದಿಲ್ಲ ದೊಡ್ಡಪ್ಪ ಅಂದೆ. ಮುಂಭಾಗದ ಒಳಗೆ, ಬಿಗಿಯಾಗಿ ನಿಲ್ಲಲು ಹಾಕುವ ಕ್ಯಾನ್ವಾಸನ್ನು ಇಸ್ತ್ರಿ ಹಾಕಿ ಅಂಟಿಸಿದ್ದಾರೆ. ಕಿತ್ತರೆ ಅಂಟಿನ ಚುಕ್ಕೆ ಚುಕ್ಕೆ ಉಳಿಯುತ್ತದೆ, ಅದನ್ನು ಹೊರಗೆ ತೋರಿಸಲು ಬರುವುದಿಲ್ಲ. ಅಜ್ಜನ ಕೋಟಿಗೆ ಕ್ಯಾನ್ವಾಸನ್ನು ದಾರದಲ್ಲಿ ಹಿಡಿಸಿದ್ದಿರಬೇಕು, ಅದಕ್ಕೇ ಅಜ್ಜಿಗೆ ತಿರುವಲು ಆಯಿತು. ನಿಮ್ಮದಕ್ಕೆ ತೋಳು ಮತ್ತು ಕಾಲರ್ ತೆಗೆದು ವೇಸ್ಟ್‌ಕೋಟ್ ಮಾಡೋಣ, ತೋಳಿನ ಬಟ್ಟೆಯಲ್ಲೇ ಕುತ್ತಿಗೆ ಅಂಚಿಗೆ ಪಟ್ಟಿ ಬರುತ್ತದೆ. ಹೊಲಿಯುವುದು ನನ್ನ ಜವಾಬ್ದಾರಿ. ಬಿಚ್ಚುವುದು ನಿಮ್ಮದು. ಎಳೆಯಬೇಡಿ, ಹೊಲಿಗೆ ಬಿಚ್ಚುವ ರಿಪ್ಪರ್ ತುದಿಯಲ್ಲಿ ನಾಲ್ಕು ಹೊಲಿಗೆಗೊಂದು ಕತ್ತರಿಸುತ್ತಾ ಹೋಗಿ, ಆಮೇಲೆ ಹಿಂದಿನಿಂದ ದಾರ ಎಳೆದರೆ ಬರುತ್ತದೆ. ಬಿಚ್ಚುವ ಮುಂಚೆ ಪ್ರತಿ ಜೋಡಿನ ಫೋಟೊ ತೆಗೆದುಕೊಳ್ಳಿ.

ಸೋಮವಾರ ಏನೂ ಬರಲಿಲ್ಲ. ಮಂಗಳವಾರ ಮಧ್ಯಾಹ್ನ ಒಂದು ಫೋಟೊ ಬಂತು. ಮೇಜಿನ ಮೇಲೆ ಒಂದೇ ಒಂದು ತೋಳು, ಪಕ್ಕದಲ್ಲಿ ದಾರದ ಚೂರುಗಳ ಗುಡ್ಡೆ, ಕನ್ನಡಕ.

"ಒಂದು ತೋಳಾಯಿತು. ಎರಡೂವರೆ ಗಂಟೆ ಹಿಡಿಯಿತು. ಕೋಟಿಗೇ ಒಂದು ಗಂಟೆ ಅಂತ ಬರೆದವರು ಯಾರು? ಅದಕ್ಕೆ ಮೂಲ ಇದೆಯಾ ಅಂತ ನಿನ್ನ ಭಾವನನ್ನು ಕೇಳು. ನಾನು ಕೇಳಿದೆ ಅನ್ನಬೇಡ."