ಗುಲಾಬಿ ನುಸಿಗೆ ಅಬಾಮೆಕ್ಟಿನ್ ನಾಟುತ್ತಿಲ್ಲ, ಡೋಸ್ ಏರಿಸಬೇಕಾ?

ಗುಲಾಬಿ ಬೆಳೆಗಾರ:
ದೊಡ್ಡಬಳ್ಳಾಪುರದ ಹತ್ತಿರ ನಮ್ಮ ಪಾಲಿಹೌಸ್ ಇದೆ. ಬೇಸಿಗೆ ಬಂದರೆ ಕೆಂಪು ನುಸಿ ಕಾಟ. ಮೊದಲು ಅಬಾಮೆಕ್ಟಿನ್ ಒಂದು ಸಲ ಹೊಡೆದರೆ ಸಾಕಿತ್ತು. ಈಗ ವಾರ ತುಂಬುವುದರೊಳಗೆ ಎಲೆ ಅಡಿ ಮತ್ತೆ ಬಲೆ. ಅಂಗಡಿಯವರು ಡೋಸ್ ಜಾಸ್ತಿ ಮಾಡಿ ಅಂತಾರೆ. ನುಸಿಗೆ ಔಷಧಿ ರೂಢಿಯಾಗಿಬಿಡುತ್ತಾ?

ನುಸಿ ಮೇಷ್ಟ್ರು:
ರೂಢಿಯಾಗುವುದು ಕುಡುಕರಿಗೆ ಸಾರ್, ನುಸಿಗಲ್ಲ. ಔಷಧಿ ಕುಡಿದು ಯಾವ ನುಸಿಯೂ ಗಟ್ಟಿಯಾಗುವುದಿಲ್ಲ. ಜೀನ್‌ನಲ್ಲಿ ಚೂರು ವ್ಯತ್ಯಾಸ ಇರುವ ಕೆಲವು ಮೊದಲೇ ಗುಂಪಿನಲ್ಲಿರುತ್ತವೆ. ಬೇರೆಯವು ಸತ್ತರೆ ತೋಟ ಅವುಗಳದ್ದೇ. 30 ಡಿಗ್ರಿ ಸೆಕೆಯಲ್ಲಿ ಮೊಟ್ಟೆ ದೊಡ್ಡ ನುಸಿಯಾಗಲು ಹತ್ತು ದಿನವೂ ಬೇಡ.

ಅಬಾಮೆಕ್ಟಿನ್ ಹಿಡಿಯುವುದು ನರದ ಕ್ಲೋರೈಡ್ ಚಾನೆಲ್ಲನ್ನು, ಅಂದರೆ ಕ್ಲೋರೈಡ್ ಒಳಬಿಡುವ ಬಾಗಿಲಿನಂಥ ಪ್ರೋಟೀನನ್ನು. ಆ ಪ್ರೋಟೀನ್‌ನ 323ನೇ ಜಾಗದಲ್ಲಿ ಗ್ಲೈಸಿನ್ ಎಂಬ ಅಮೈನೊ ಆಮ್ಲದ ಬದಲು ಆಸ್ಪಾರ್ಟಿಕ್ ಆಮ್ಲ ಬಂತು ಅಂದರೆ ಹಿಡಿತ ಸಡಿಲ. ಕೆಲವು ನುಸಿಗಳಲ್ಲಿ ಪಿ450 ಕಿಣ್ವಗಳೂ ಜಾಸ್ತಿ ತಯಾರಾಗಿ ಔಷಧಿಯನ್ನು ಮೈಯೊಳಗೇ ಒಡೆದುಹಾಕುತ್ತವೆ. ಎರಡೂ ಸೇರಿದರೆ ಡೋಸ್ ಏರಿಸಿದ ದುಡ್ಡು ದಂಡ.

ಇದು ಇಷ್ಟು ಬೇಗ ಹರಡುವುದಕ್ಕೆ ಇನ್ನೊಂದು ಕಾರಣ ಇದೆ, ನನಗೆ ಬಲು ಇಷ್ಟವಾದದ್ದು. ಗಂಡಿನ ಜೊತೆ ಸೇರದ ಹೆಣ್ಣು ನುಸಿಯೂ ಮೊಟ್ಟೆ ಇಡುತ್ತದೆ. ಅದರಿಂದ ಹುಟ್ಟುವುದೆಲ್ಲ ಗಂಡು. ಆ ಗಂಡಿಗೆ ಅಪ್ಪನೇ ಇಲ್ಲ, ಪ್ರತಿ ಜೀನ್‌ಗೂ ಅಮ್ಮನದು ಒಂದೇ ಪ್ರತಿ. ನಮ್ಮಲ್ಲಾದರೆ ಒಂದು ಪ್ರತಿಯ ಗುಣವನ್ನು ಇನ್ನೊಂದು ಮುಚ್ಚಿಡಬಹುದು. ಇಲ್ಲಿ ಮುಚ್ಚುವುದಕ್ಕೆ ಇನ್ನೊಂದು ಇಲ್ಲವೇ ಇಲ್ಲ. ಅಡಗಿದ್ದ ಗುಣ ಮಗನಲ್ಲಿ ಬಯಲಾಗುತ್ತದೆ. ಔಷಧಿ ದಾಟಿ ಬದುಕಿದವನು ತನ್ನ ಹೆಣ್ಣುಮಕ್ಕಳಿಗೆಲ್ಲ ಅದನ್ನೇ ಕೊಡುತ್ತಾನೆ.

ಕೋಲಾರದವ:
ಹಾಗಾದರೆ ನುಸಿಗೆ ಹೊಡೆಯುವ ಹೆಕ್ಸಿಥಯಾಜಾಕ್ಸ್ ಕೆಲಸ ಮಾಡದಿದ್ದಾಗ ಎಟಾಕ್ಸಜೋಲ್‌ಗೆ ಬದಲಾಯಿಸಿದರೆ ಸರಿ ಅಲ್ವಾ? ಕಂಪನಿಯೂ ಬೇರೆ, ರೇಟೂ ಬೇರೆ.

ನುಸಿ ಮೇಷ್ಟ್ರು:
ರೇಟ್ ಮಾತ್ರ ಬೇರೆ! ಎರಡೂ ನುಸಿಯ ಹೊರಚಿಪ್ಪಿನ ಕೈಟಿನ್ ಕಟ್ಟುವ ಒಂದೇ ಕಿಣ್ವವನ್ನು ಹಿಡಿಯುತ್ತವೆ. ಅದರ 1017ನೇ ಜಾಗದಲ್ಲಿ ಐಸೊಲ್ಯೂಸಿನ್ ಹೋಗಿ ಫಿನೈಲಲನಿನ್ ಬಂದರೆ ಎರಡಕ್ಕೂ ಒಟ್ಟಿಗೆ ಜಗ್ಗುವುದಿಲ್ಲ. ಡಬ್ಬದ ಮುಂದಿನ ದೊಡ್ಡ ಹೆಸರು ಬಿಡಿ, ಟೆಕ್ನಿಕಲ್, ಅಂದರೆ ಒಳಗಿರುವ ಔಷಧಿಯ ಹೆಸರು ಓದಿ, ಅದರ ಐರಾಕ್ ಗುಂಪು ಹುಡುಕಿ. ಔಷಧಿ ಹೇಗೆ ಕೊಲ್ಲುತ್ತದೆ ಎಂಬುದರ ಮೇಲೆ ಕೊಟ್ಟ ನಂಬರ್ ಅದು. ಇವೆರಡೂ 10. ಅಬಾಮೆಕ್ಟಿನ್ 6, ಫೆನ್‌ಪೈರಾಕ್ಸಿಮೇಟ್ 21, ಸ್ಪೈರೊಮೆಸಿಫೆನ್ 23. ಬದಲಾಯಿಸುವುದು ಅಂದರೆ ನಂಬರ್ ಬದಲಾಗಬೇಕು.

ಗುಲಾಬಿ ಬೆಳೆಗಾರ:
ಸದ್ಯಕ್ಕೆ ನಾನೇನು ಮಾಡಲಿ? ಥ್ರಿಪ್ಸ್ ಹುಳಕ್ಕೆ ಅಂತ ಪೈರೆಥ್ರಾಯ್ಡ್ ಜಾತಿಯ ಕೀಟನಾಶಕ ಕೂಡ ಹೊಡೀತಾ ಇದ್ದೀನಿ.

ನುಸಿ ಮೇಷ್ಟ್ರು:
ಮೊದಲು ಅದನ್ನು ನಿಲ್ಲಿಸಿ. ಕೆಂಪು ನುಸಿ ತಿನ್ನುವ ನುಸಿಯೂ ನಮ್ಮಲ್ಲಿದೆ, ಪೈರೆಥ್ರಾಯ್ಡ್ ಅದನ್ನು ಸಾಯಿಸುತ್ತದೆ. ಒಂದು ಎಲೆ ಕಿತ್ತು ಬಿಳಿ ಹಾಳೆ ಮೇಲೆ ಕೊಡವಿ, ಲೆನ್ಸ್‌ನಲ್ಲಿ ನೋಡಿ. ಮೈಮೇಲೆ ಎರಡು ಕಪ್ಪು ಮಚ್ಚೆ ಇಟ್ಟುಕೊಂಡು ನಿಧಾನ ತೆವಳುವುದು ನಿಮ್ಮ ಶತ್ರು. ಮಚ್ಚೆಯಿಲ್ಲದ, ಹೊಳೆಯುವ ಮೈಯ, ನಿಲ್ಲದೆ ಸರಸರ ಓಡುವುದು ಕಂಡರೆ ಹೆಚ್ಚಾಗಿ ನಿಮ್ಮ ಕಡೆಯದು.

ಅಬಾಮೆಕ್ಟಿನ್ ಈ ಬೇಸಿಗೆಗೆ ಬಿಡಿ. ಬೇರೆ ಗುಂಪಿನದು, ಲೇಬಲ್ ಡೋಸ್‌ನಲ್ಲೇ, ಎಲೆ ಅಡಿ ನೆನೆಯುವಂತೆ ಹೊಡೆಯಿರಿ. ಸ್ಪೈರೊಮೆಸಿಫೆನ್ ಆದರೆ ಅದು ಮುಖ್ಯವಾಗಿ ಮೊಟ್ಟೆ, ಮರಿಗಳಿಗೆ. ಮಾರನೇ ದಿನ ದೊಡ್ಡವು ಓಡಾಡುತ್ತಿವೆ ಅಂತ ಗಾಬರಿಯಾಗಿ ಇನ್ನೊಂದು ಡಬ್ಬ ಒಡೆಯಬೇಡಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನುಸಿಗಳ ಮೇಲೇ ಕೆಲಸ ಮಾಡುವವರಿದ್ದಾರೆ. ನಿಮಗೆ ದೂರವೇನಲ್ಲ, ಹೋಗುವಾಗ ಎಲೆ ತೆಗೆದುಕೊಂಡು ಹೋಗಿ, ಫೋಟೋ ಸಾಲದು.