ಸಹಾಯ ಬೇಕು: ಅಂಬಾಸಿಡರ್, ಮೂರನೇ ಸಿಲಿಂಡರ್‌ನಲ್ಲಿ ಕಂಪ್ರೆಷನ್ ಇಲ್ಲ (ದಾವಣಗೆರೆ)

ನಮಸ್ಕಾರ್ರೀ ಎಲ್ಲರಿಗೂ. 1489 ಸಿಸಿ ಪೆಟ್ರೋಲ್ ಎಂಜಿನ್, 9 ವರ್ಷ ಶೆಡ್‌ನಲ್ಲಿ ನಿಂತದ್ದು. ಒಣಗಿದ ಪಿಸ್ಟನ್ ರಿಂಗ್ ಸಿಲಿಂಡರ್‌ನ ಒಳಗೋಡೆ (ಬೋರ್) ಗೀರುತ್ತದೆಂದು ಮೊದಲೇ ಸೆಲ್ಫ್ ಹೊಡೆಯಲಿಲ್ಲ. ಪ್ಲಗ್ ಬಿಚ್ಚಿ, ಡೀಸೆಲ್ ಮತ್ತು ಪವರ್ ಸ್ಟೀರಿಂಗ್ ಆಯಿಲ್ ಸಮಸಮ ಬೆರೆಸಿ ಸಿಲಿಂಡರ್‌ಗೆ 15 ಮಿ.ಲೀ. ಬಿಟ್ಟು, ಎರಡು ದಿನದ ಮೇಲೆ ಹ್ಯಾಂಡಲ್ ಹಾಕಿ ತಿರುಗಿಸಿದ್ದು. ಈಗ ಸಲೀಸು. ಆಯಿಲ್ 20ಡಬ್ಲ್ಯೂ-50, ಫಿಲ್ಟರ್ ಹೊಸದು.

ಕಂಪ್ರೆಷನ್ (ಪಿಸ್ಟನ್ ಅದುಮುವ ಒತ್ತಡ), ಒಂದರಿಂದ ನಾಲ್ಕನೇ ಸಿಲಿಂಡರ್‌ವರೆಗೆ: 120, 115, 35, 118 ಪಿಎಸ್ಐ. ಮೂರರಲ್ಲಿ ಒಂದು ಚಮಚ ಆಯಿಲ್ ಬಿಟ್ಟರೂ 40 ದಾಟಲಿಲ್ಲ; ರಿಂಗ್ ಸವೆದಿದ್ದರೆ ಆಯಿಲ್ ಸಂದು ಮುಚ್ಚಿ ಒತ್ತಡ ಏರಬೇಕಿತ್ತು, ಅಂದರೆ ರಿಂಗ್ ಅಲ್ಲ. ಪಕ್ಕದ ಎರಡೂ ಚೆನ್ನಾಗಿರುವುದರಿಂದ ಹೆಡ್ ಗ್ಯಾಸ್ಕೆಟ್ ಮೇಲೂ ಅನುಮಾನ ಕಡಿಮೆ. ರಾಕರ್ ಕವರ್ ತೆಗೆದರೆ ಅದರ ಎಕ್ಸಾಸ್ಟ್ ವಾಲ್ವ್ ಕೆಳಗೇ ಕೂತಿದೆ, ಅಂದರೆ ತೆರೆದೇ ಇದೆ, ಪುಶ್ ರಾಡ್ ಸಡಿಲ. ವಾಲ್ವ್‌ನ ಕಾಂಡ ಅದು ಜಾರುವ ಕೊಳವೆಯಲ್ಲಿ (ಗೈಡ್) ತುಕ್ಕು ಹಿಡಿದು ಕಚ್ಚಿಕೊಂಡಿದೆ.

ಪಿಸ್ಟನ್ ಕೆಳಗಿಳಿಸಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಸ್ಪ್ರಿಂಗ್ ವಾಲ್ವನ್ನು ಎತ್ತೀತೇ? ವಾಲ್ವ್ ಕೂರುವ ಸೀಟ್ ಸುಟ್ಟಿದ್ದರೆ ಹೇಗೂ ಹೆಡ್ ಇಳಿಸಲೇಬೇಕಲ್ಲ, ಈಗಲೇ ಇಳಿಸುವುದು ಜಾಣತನವೇ? ದಾವಣಗೆರೆ, ಹರಿಹರ, ಚಿತ್ರದುರ್ಗದಲ್ಲಿ ಗೈಡ್ ಬದಲಿಸಿ ಸೀಟ್ ಕಟಿಂಗ್ ಮಾಡುವ ಲೇತ್‌ನವರು ಗೊತ್ತಿದ್ದರೆ ತಿಳಿಸಿ. ಪೆಟ್ರೋಲ್ ಪಂಪಿನ ಡಯಾಫ್ರಾಮ್ (ಒಳಗಿನ ಪೊರೆ) ಸೆಟೆದಿದೆ. ಎಥನಾಲ್ ಬೆರೆತ ಪೆಟ್ರೋಲ್ ತಡೆಯುವ ಕಿಟ್ಟೂ ಬೇಕು.